ಎರಡು ಅಂತರ್ಜಾಲ ಸಂಪರ್ಕಗಳಿರುವ ಘಟಕದಲ್ಲಿ ನೀತಿ ಆಧಾರಿತ ಮಾರ್ಗ ನಿಯೋಜನೆ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲ ತಾಲ್ಲೂಕಿನ ಸೋಂಪುರ, ಹೊಸಕೋಟೆಯ ಪಿಲ್ಲಗುಂಪೆ ಮುಂತಾದ ಕೈಗಾರಿಕಾ ಪ್ರದೇಶಗಳ ಘಟಕಗಳು ಒಂದು ಅಂತರ್ಜಾಲ ಸಂಪರ್ಕ ಸಾಲದೆಂದು ಎರಡನೆಯದನ್ನು ಪಡೆಯುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ರಸ್ತೆ ಅಗೆಯುವ ಯಂತ್ರ ಇಳಿದ ದಿನ ಫೈಬರ್ ತಂತಿ ತುಂಡಾಗುತ್ತದೆ. ಅದು ಮರುಜೋಡಣೆಯಾಗುವವರೆಗೆ ಬಿಲ್ಲು ಹೊರಡುವುದಿಲ್ಲ, ಬಿಲ್ಲಿಲ್ಲದೆ ಲಾರಿ ಹೊರಡುವುದಿಲ್ಲ. ಆದಕಾರಣ ಎರಡನೆಯ ಸಂಪರ್ಕಕ್ಕೆ ಹಣ ತೆರುವುದು ವಿವೇಕವೇ ಸರಿ. ಆದರೆ ಎರಡೂ ತಂತಿಗಳು ಸುಸ್ಥಿತಿಯಲ್ಲಿರುವಾಗಲೇ ಬಿಲ್ಲಿಂಗ್ ಸರ್ವರಿನ ಕೋರಿಕೆ ಆಗಾಗ ತಿರಸ್ಕೃತವಾಗುವುದು, ಬ್ಯಾಂಕಿನ ಪುಟ ಪಾವತಿಯ ನಡುವೆಯೇ ಮುಚ್ಚಿಕೊಳ್ಳುವುದು, ಮರುಕ್ಷಣ ಎಲ್ಲವೂ ಸರಿಯಿದ್ದಂತೆ ತೋರುವುದು ಎರಡನೆಯ ಸಂಪರ್ಕ ಬಂದ ಮೇಲೆಯೇ ಪ್ರಾರಂಭವಾಯಿತೆಂಬ ದೂರನ್ನು ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೇಳಿದ್ದೇನೆ. ಇದಕ್ಕೆ ತಂತ್ರಜ್ಞರು ಹೇಳುವ ಪರಿಹಾರದ ಹೆಸರು ಪಾಲಿಸಿ ಬೇಸ್ಡ್ ರೂಟಿಂಗ್, ಅರ್ಥಾತ್ ನೀತಿ ಆಧಾರಿತ ಮಾರ್ಗ ನಿಯೋಜನೆ.

ಲೆಕ್ಕಪರಿಶೋಧಕನಿಗೂ ನೆಟ್‌ವರ್ಕ್ ಸ್ವಿಚ್ಚಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸ್ವಿಚ್ಚಿನಲ್ಲಿ ಬರೆದ ಎರಡು ಸಾಲಿನ ತಪ್ಪು ಕೊನೆಗೆ ಮಾರಾಟದ ಪುಸ್ತಕದಲ್ಲಿಯೂ ದಂಡದ ಖಾತೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ ಎಂಬುದೇ ಉತ್ತರ. ಆದೇಶಗಳನ್ನು ಟೈಪು ಮಾಡುವ ಕೆಲಸ ತಂತ್ರಜ್ಞರದ್ದೇ ಆಗಿರಲಿ. ಅವರಿಗೆ ಏನು ಹೇಳಬೇಕು, ಕೆಲಸ ಮುಗಿದ ಮೇಲೆ ಏನನ್ನು ಪರೀಕ್ಷಿಸಿ ಹಣ ಕೊಡಬೇಕು ಎಂಬುದು ಮಾತ್ರ ಮಾಲೀಕರಿಗೆ ತಿಳಿದಿರಬೇಕು.

ವಿಳಂಬದ ಬೆಲೆ

ವ್ಯಾಟ್ ಕಾಲದ ಇ-ಸುಗಮ ವ್ಯವಸ್ಥೆಯನ್ನು ಕಂಡವರಿಗೆ ಸರಕು ಹೊರಡುವ ಮುನ್ನ ಕಂಪ್ಯೂಟರಿನಲ್ಲಿ ಸಂಖ್ಯೆ ಪಡೆಯುವುದು ಹೊಸದೇನಲ್ಲ. 2018ರ ಏಪ್ರಿಲ್ 1ರಂದು ದೇಶಾದ್ಯಂತ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದಾಗ, ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ ರಾಜ್ಯ ಕರ್ನಾಟಕ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಪ್ರಾರಂಭವಾದ ಇ-ಇನ್‌ವಾಯ್ಸ್ ಮಿತಿ ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಗಿದೆ. 2017-18ರಿಂದೀಚಿನ ಯಾವುದೇ ಒಂದು ಹಣಕಾಸು ವರ್ಷದಲ್ಲಿ ಈ ಮಿತಿ ದಾಟಿದ್ದರೂ ಸಾಕು.

ನಿಯಮ 48ರ ಉಪನಿಯಮ 5ನ್ನು ವರ್ತಕರು ಒಮ್ಮೆಯಾದರೂ ಓದಿಕೊಳ್ಳಬೇಕು. ಇ-ಇನ್‌ವಾಯ್ಸ್ ಅನ್ವಯವಾಗುವ ವ್ಯಕ್ತಿ ಪೋರ್ಟಲಿನಲ್ಲಿ ನೋಂದಾಯಿಸದೆ ಕೊಟ್ಟ ಬಿಲ್ಲನ್ನು ಬಿಲ್ಲೆಂದೇ ಪರಿಗಣಿಸಲಾಗುವುದಿಲ್ಲ. ಹೂಡುವಳಿ ತೆರಿಗೆ ಜಮೆ ಕೈತಪ್ಪೀತೆಂಬ ಭಯದಿಂದ ಖರೀದಿದಾರರು ಅಂತಹ ಬಿಲ್ಲಿಗೆ ಹಣ ತಡೆಹಿಡಿಯುತ್ತಾರೆ. ಇನ್ನು ಇ-ವೇ ಬಿಲ್ ಇಲ್ಲದೆ ಲಾರಿ ಸಿಕ್ಕಿಬಿದ್ದರೆ ಕಲಂ 129ರ ಪ್ರಕಾರ, ಸರಕಿನ ಮಾಲೀಕರು ಮುಂದೆ ಬಂದಲ್ಲಿ, ತೆರಬೇಕಾದ ದಂಡ ತೆರಿಗೆಯ ಶೇಕಡ 200. ಶೇಕಡ 18 ದರದ 6 ಲಕ್ಷ ರೂಪಾಯಿ ಮೌಲ್ಯದ ಸರಕಿಗೆ ತೆರಿಗೆ 1,08,000 ರೂಪಾಯಿ. ದಂಡ 2,16,000 ರೂಪಾಯಿ. ಸಂಜೆ ಆರಕ್ಕೆ ಪೋರ್ಟಲ್ ಸಿಗಲಿಲ್ಲವೆಂದು, ದಾರಿಯಲ್ಲಿ ನೋಡಿಕೊಳ್ಳೋಣವೆಂದು ಲಾರಿ ಬಿಡುವವರು ಈ ಲೆಕ್ಕವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸ್ಥಿರ ವಿಳಾಸದ ಪ್ರಶ್ನೆ

ಅಂತರ್ಜಾಲದಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ಐಪಿ ವಿಳಾಸವಿರುತ್ತದೆ. ಲೀಸ್ಡ್ ಲೈನ್ ಪಡೆದವರಿಗೆ ಬದಲಾಗದ ಸ್ಥಿರ ವಿಳಾಸ ದೊರೆಯುತ್ತದೆ. ಅಗ್ಗದ ಬ್ರಾಡ್‌ಬ್ಯಾಂಡ್ ಅಥವಾ ಮೊಬೈಲ್ ಸಂಪರ್ಕದಲ್ಲಿ ವಿಳಾಸ ಬದಲಾಗುತ್ತಿರುತ್ತದೆ. ಎಷ್ಟೋ ಸಲ ಹಲವಾರು ಚಂದಾದಾರರು ಒಂದೇ ಹೊರವಿಳಾಸವನ್ನು ಹಂಚಿಕೊಂಡಿರುತ್ತಾರೆ.

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಮಾತನಾಡುವ ವ್ಯವಸ್ಥೆಗಳಲ್ಲಿ ಈ ವಿಳಾಸವೇ ಗುರುತಿನ ಚೀಟಿ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲುಗಳಿಗೆ ಎಪಿಐ ಮೂಲಕ ನೇರ ಸಂಪರ್ಕ ಪಡೆಯುವವರು ತಮ್ಮ ಸರ್ವರಿನ ಸ್ಥಿರ ಐಪಿ ವಿಳಾಸವನ್ನು ಮುಂಚಿತವಾಗಿ ನೋಂದಾಯಿಸಬೇಕು. ಸಂಬಳ ಹಾಗೂ ಸರಬರಾಜುದಾರರ ಪಾವತಿಯ ಕಡತವನ್ನು ತಮ್ಮ ಸಾಫ್ಟ್‌ವೇರಿನಿಂದಲೇ ಬ್ಯಾಂಕಿಗೆ ಕಳುಹಿಸುವವರಿಗೂ, ದೊಡ್ಡ ಖರೀದಿದಾರರ ಆದೇಶ ವ್ಯವಸ್ಥೆಗೆ ನೇರವಾಗಿ ಜೋಡಿಸಿಕೊಂಡವರಿಗೂ ಇಂತಹುದೇ ಷರತ್ತು ಎದುರಾಗುತ್ತದೆ. ನೋಂದಾಯಿಸದ ವಿಳಾಸದಿಂದ ಕೋರಿಕೆ ಹೋದರೆ, ಬಳಕೆದಾರರ ಹೆಸರು, ಗುಪ್ತಪದ ಎಲ್ಲವೂ ಸರಿಯಿದ್ದರೂ ಅದು ಬಾಗಿಲಿನಿಂದಲೇ ಹಿಂದಿರುಗುತ್ತದೆ.

ಎರಡನೆಯ ಸಂಪರ್ಕ ಬಂದಾಗ ರೂಟರ್ ಭಾರವನ್ನು ಸಮನಾಗಿ ಹಂಚುವ ಉದ್ದೇಶದಿಂದ ಒಂದು ಕೋರಿಕೆಯನ್ನು ಮೊದಲ ತಂತಿಗೂ ಮುಂದಿನದನ್ನು ಎರಡನೆಯ ತಂತಿಗೂ ಬಿಡುವುದುಂಟು. ಮೊದಲನೆಯದು ಸ್ವೀಕೃತ, ಎರಡನೆಯದು ತಿರಸ್ಕೃತ. ಬಿಲ್ಲಿಂಗ್ ಗುಮಾಸ್ತರು ಮತ್ತೊಮ್ಮೆ ಗುಂಡಿ ಒತ್ತುತ್ತಾರೆ, ಆಗ ಸರಿಹೋಗುತ್ತದೆ. ಹೀಗಾಗಿ ದೋಷ ಪೋರ್ಟಲಿನದೆಂದೇ ಎಲ್ಲರೂ ನಂಬಿಬಿಡುತ್ತಾರೆ. ಬ್ಯಾಂಕಿನ ಪುಟ ನಡುವೆ ಮುಚ್ಚಿಕೊಳ್ಳುವುದಕ್ಕೂ ಇದೇ ಕಾರಣವಿರಬಹುದು: ಒಂದೇ ಅಧಿವೇಶನದ ನಡುವೆ ಗ್ರಾಹಕರ ವಿಳಾಸ ಬದಲಾದದ್ದನ್ನು ಕಂಡ ಬ್ಯಾಂಕಿನ ಗಣಕ ಸುರಕ್ಷತೆಯ ದೃಷ್ಟಿಯಿಂದ ಸಂಪರ್ಕವನ್ನು ಕಡಿದುಹಾಕುತ್ತದೆ.

ವಾಡಿಕೆಯ ಮಾರ್ಗ, ನೀತಿಯ ಮಾರ್ಗ

ದೊಡ್ಡಬಳ್ಳಾಪುರದ ಕಾರ್ಖಾನೆಯ ಗೇಟಿನಲ್ಲಿರುವ ರವಾನೆ ಗುಮಾಸ್ತರು ಲಾರಿ ಚೀಟಿಯಲ್ಲಿ ಊರಿನ ಹೆಸರು ನೋಡುತ್ತಾರೆ. ಮುಂಬಯಿ ಎಂದಿದ್ದರೆ ದಾಬಸ್‌ಪೇಟೆಯ ಕಡೆಗೆ, ಚೆನ್ನೈ ಎಂದಿದ್ದರೆ ದೇವನಹಳ್ಳಿ, ಹೊಸಕೋಟೆಯ ಕಡೆಗೆ ಕಳುಹಿಸುತ್ತಾರೆ. ಲಾರಿ ಯಾರದು, ಒಳಗೆ ಏನಿದೆ ಎಂಬುದನ್ನು ವಿಚಾರಿಸುವುದಿಲ್ಲ. ಸಾಮಾನ್ಯ ರೂಟಿಂಗ್ ಎಂದರೆ ಇಷ್ಟೇ. ಮಾಹಿತಿಯ ಪ್ರತಿಯೊಂದು ಪೊಟ್ಟಣದ ಮೇಲೂ ಹೊರಟ ವಿಳಾಸ, ತಲುಪಬೇಕಾದ ವಿಳಾಸ ಎರಡೂ ಇರುತ್ತವೆ. ಸ್ವಿಚ್ ಅಥವಾ ರೂಟರ್ ನೋಡುವುದು ತಲುಪಬೇಕಾದ ವಿಳಾಸವನ್ನು ಮಾತ್ರ.

ಎತ್ತರದ ಯಂತ್ರ ಹೊತ್ತ ಲಾರಿಯೊಂದು ಅದೇ ಚೆನ್ನೈಗೆ ಹೋಗಬೇಕಾಗಿದೆ ಎಂದಿಟ್ಟುಕೊಳ್ಳೋಣ. ದಾರಿಯ ಕೆಳಸೇತುವೆಯಲ್ಲಿ ಅದು ತೂರದು. ಇಂತಹ ಸರಕು ಬಂದರೆ ಊರು ಯಾವುದೇ ಇರಲಿ, ಈ ದಾರಿಯಲ್ಲೇ ಕಳುಹಿಸತಕ್ಕದ್ದು ಎಂದು ಮಾಲೀಕರು ಬರೆದುಕೊಟ್ಟ ಚೀಟಿಯೇ ನೀತಿ. ಹೊರಟ ವಿಳಾಸ, ಸೇವೆಯ ಬಗೆ, ಪೋರ್ಟ್ ಸಂಖ್ಯೆ ಇವುಗಳನ್ನು ನೋಡಿ ದಾರಿ ನಿರ್ಧರಿಸುವ ಈ ಪದ್ಧತಿ ಹೊಸದಲ್ಲ. ಅಂತರ್ಜಾಲದ ತಾಂತ್ರಿಕ ದಾಖಲೆಗಳ ಆರ್‌ಎಫ್‌ಸಿ ಸರಣಿಯಲ್ಲಿ ಇದರ ಮಾದರಿಗಳನ್ನು ಚರ್ಚಿಸಿದ 1104ನೇ ಸಂಖ್ಯೆಯ ದಾಖಲೆ 1989ರಷ್ಟು ಹಳೆಯದು.

ಇದು ಯಾರಿಗೆ ಬೇಕು

ಎಲ್ಲರಿಗೂ ಬೇಕಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಬ್ರೌಸರಿನಲ್ಲಿ ಪೋರ್ಟಲನ್ನು ತೆರೆದು ಕೈಯಿಂದ ಇ-ವೇ ಬಿಲ್ ಮಾಡುವ ಅಂಗಡಿಗೆ ಸ್ಥಿರ ವಿಳಾಸದ ಅಗತ್ಯವೇ ಇಲ್ಲ. ತಂತಿ ಕಡಿದ ದಿನ ಮೊಬೈಲಿನಿಂದ ಅಂತರ್ಜಾಲ ಪಡೆದು ಕೆಲಸ ಮುಗಿಸಬಹುದು. ಟ್ಯಾಲಿಯಂತಹ ಸಾಫ್ಟ್‌ವೇರಿನಿಂದಲೇ ಇ-ಇನ್‌ವಾಯ್ಸ್ ಕಳುಹಿಸುವವರಲ್ಲಿ ಬಹುಪಾಲು ಜನರ ಕೋರಿಕೆ ಜಿಎಸ್‌ಟಿ ಸುವಿಧಾ ಪೂರೈಕೆದಾರರ ಮೂಲಕ ಹೋಗುತ್ತದೆ. ಅಲ್ಲಿ ಪೋರ್ಟಲಿಗೆ ಕಾಣಿಸುವುದು ಆ ಪೂರೈಕೆದಾರರ ವಿಳಾಸ, ತಮ್ಮದಲ್ಲ. ಆದ್ದರಿಂದ ಯಾರಾದರೂ ದುಬಾರಿ ಸ್ವಿಚ್ಚಿನ ದರಪಟ್ಟಿ ಹಿಡಿದು ಬಂದರೆ ಮೊದಲು ಸಾಫ್ಟ್‌ವೇರ್ ಸರಬರಾಜುದಾರರನ್ನು ಒಂದೇ ಪ್ರಶ್ನೆ ಕೇಳಿರಿ: ನಮ್ಮ ಸರ್ವರಿನ ವಿಳಾಸ ಎಲ್ಲಿಯಾದರೂ ನೋಂದಣಿಯಾಗಿದೆಯೇ? ಇಲ್ಲ ಎಂಬ ಉತ್ತರ ಬಂದರೆ ಅರ್ಧ ಖರ್ಚು ಅಲ್ಲಿಗೇ ಉಳಿಯಿತು.

ವಿಳಾಸ ನೋಂದಣಿಯಾಗಿದ್ದು, ಕಂಪ್ಯೂಟರುಗಳು ಹತ್ತಿಪ್ಪತ್ತರೊಳಗಿದ್ದರೆ ಎರಡು ತಂತಿಗಳನ್ನು ಸ್ವೀಕರಿಸುವ ಸಾಧಾರಣ ರೂಟರಿನಲ್ಲಿಯೇ ಈ ನಿಯಮ ಬರೆಯುವ ಸೌಲಭ್ಯ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಅದೇ ಸಾಕು. ಎರಡು ಸೇವಾದಾರರ ಎರಡು ಪ್ರತ್ಯೇಕ ರೂಟರುಗಳಿದ್ದು, ಕಚೇರಿ, ಸರ್ವರ್, ಕ್ಯಾಮೆರಾ ಎಂದು ಜಾಲವನ್ನು ಭಾಗ ಮಾಡಿರುವ ದೊಡ್ಡ ಘಟಕಗಳಲ್ಲಿ ಮಾತ್ರ ನಿರ್ಧಾರ ಸ್ವಿಚ್ಚಿನಲ್ಲಿ ಆಗಬೇಕಾಗುತ್ತದೆ. ಅದಕ್ಕೆ ಮೂರನೆಯ ಸ್ತರದ, ಅಂದರೆ ಲೇಯರ್ 3 ಸ್ವಿಚ್ ಬೇಕು. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಸಾದಾ ಸ್ವಿಚ್ಚಿಗೆ ಐಪಿ ವಿಳಾಸವನ್ನು ನೋಡಿ ದಾರಿ ಹಿಡಿಸುವ ಶಕ್ತಿಯೇ ಇಲ್ಲ. ಕೆಲವು ತಯಾರಕರು ಈ ಸೌಲಭ್ಯವನ್ನು ಮೇಲ್ದರ್ಜೆಯ ಪರವಾನಗಿಯಲ್ಲಿ ಮಾತ್ರ ಕೊಡುತ್ತಾರೆ. ಖರೀದಿ ಆದೇಶದಲ್ಲಿ ಪಾಲಿಸಿ ಬೇಸ್ಡ್ ರೂಟಿಂಗ್ ಪರವಾನಗಿ ಸಹಿತ ಎಂದು ಬರೆಸಿಕೊಳ್ಳದಿದ್ದರೆ ಪೆಟ್ಟಿಗೆ ಬಂದ ಮೇಲೆ ಮತ್ತೊಂದು ಬಿಲ್ಲು ಬರುತ್ತದೆ.

ಇನ್ನೊಂದು ಮಾತು. ತಲುಪಬೇಕಾದ ವಿಳಾಸ ಒಂದೇ ಆಗಿದ್ದು, ಅದು ಬದಲಾಗದೆಂಬ ಖಾತ್ರಿ ಇದ್ದಲ್ಲಿ, ಉದಾಹರಣೆಗೆ ಮುಖ್ಯ ಕಚೇರಿಯ ಸರ್ವರ್, ನೀತಿಯ ಗೊಡವೆಯೇ ಬೇಡ. ಆ ವಿಳಾಸಕ್ಕೆ ಒಂದು ಸಾಮಾನ್ಯ ಸ್ಥಿರ ಮಾರ್ಗ ಬರೆದರೆ ಸಾಕು. ಸರ್ಕಾರಿ ಪೋರ್ಟಲುಗಳ ವಿಷಯದಲ್ಲಿ ಹಾಗೆ ಮಾಡುವುದು ಸಲ್ಲ. 2023ರಿಂದ ಖಾಸಗಿ ಇನ್‌ವಾಯ್ಸ್ ನೋಂದಣಿ ಪೋರ್ಟಲುಗಳೂ ಇವೆ, ಮತ್ತು ಅವುಗಳ ಹಿಂದಿನ ಐಪಿ ವಿಳಾಸಗಳು ನಮ್ಮನ್ನು ಕೇಳಿ ಬದಲಾಗುವುದಿಲ್ಲ.

ಒಂದು ಮಾದರಿ ಘಟಕ

ಕಲ್ಪಿತ ಘಟಕವೊಂದನ್ನು ತೆಗೆದುಕೊಳ್ಳೋಣ. ಜಾಲ ಮೂರು ಭಾಗಗಳಾಗಿದೆ. ಕಚೇರಿಯ ಕಂಪ್ಯೂಟರುಗಳು ವಿಎಲ್ಯಾನ್ 10ರಲ್ಲಿ, ವಿಳಾಸ 192.168.10ರಿಂದ ಪ್ರಾರಂಭ. ಬಿಲ್ಲಿಂಗ್ ಸರ್ವರ್ ವಿಎಲ್ಯಾನ್ 20ರಲ್ಲಿ, ವಿಳಾಸ 192.168.20.5. ಕ್ಯಾಮೆರಾಗಳು ವಿಎಲ್ಯಾನ್ 30ರಲ್ಲಿ. ಲೀಸ್ಡ್ ಲೈನಿನ ರೂಟರ್ 192.168.101.1, ಆ ಬದಿಯಲ್ಲಿ ಸ್ವಿಚ್ಚಿನ ವಿಳಾಸ 192.168.101.2. ಬ್ರಾಡ್‌ಬ್ಯಾಂಡ್ ರೂಟರ್ 192.168.102.1.

ಸ್ವಿಚ್ಚಿನ ಸಾಮಾನ್ಯ ಮಾರ್ಗ ಬ್ರಾಡ್‌ಬ್ಯಾಂಡಿನ ಕಡೆಗಿದೆ. ಕ್ಯಾಮೆರಾ, ಮಿಂಚಂಚೆ, ಸಿಬ್ಬಂದಿಯ ಬಳಕೆ ಎಲ್ಲವೂ ಅಲ್ಲಿಯೇ ಹೋಗಲಿ. ಬಿಲ್ಲಿಂಗ್ ಸರ್ವರ್ ಮಾತ್ರ ನೋಂದಾಯಿತ ವಿಳಾಸವಿರುವ ಲೀಸ್ಡ್ ಲೈನಿನಲ್ಲಿ ಹೋಗಬೇಕು. ಸಿಸ್ಕೋ ಮಾದರಿಯ ಸ್ವಿಚ್ಚಿನಲ್ಲಿ ತಂತ್ರಜ್ಞರು ಬರೆಯುವ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಹೀಗೆ ಓದಿಕೊಳ್ಳಬಹುದು. ಪಟ್ಟಿಗಳ ಹಾಗೂ ನೀತಿಯ ಹೆಸರು ನಮ್ಮ ಇಚ್ಛೆಯದು.

ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಒಳಗೆ
ಪರ್ಮಿಟ್ ಐಪಿ ಹೋಸ್ಟ್ 192.168.20.5 192.168.0.0 0.0.255.255

ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಹೊರಗೆ
ಪರ್ಮಿಟ್ ಐಪಿ ಹೋಸ್ಟ್ 192.168.20.5 ಎನಿ

ರೂಟ್-ಮ್ಯಾಪ್ ಬಿಲ್ಲುದಾರಿ ಡಿನೈ 10
ಮ್ಯಾಚ್ ಐಪಿ ಅಡ್ರೆಸ್ ಒಳಗೆ

ರೂಟ್-ಮ್ಯಾಪ್ ಬಿಲ್ಲುದಾರಿ ಪರ್ಮಿಟ್ 20
ಮ್ಯಾಚ್ ಐಪಿ ಅಡ್ರೆಸ್ ಹೊರಗೆ
ಸೆಟ್ ಐಪಿ ನೆಕ್ಸ್ಟ್-ಹಾಪ್ 192.168.101.1

ಇಂಟರ್‌ಫೇಸ್ ವಿಎಲ್ಯಾನ್ 20
ಐಪಿ ಪಾಲಿಸಿ ರೂಟ್-ಮ್ಯಾಪ್ ಬಿಲ್ಲುದಾರಿ

ಮೊದಲೆರಡು ಪಟ್ಟಿಗಳು ಪೊಟ್ಟಣವನ್ನು ಗುರುತಿಸುತ್ತವೆ, ಅಷ್ಟೇ, ಏನನ್ನೂ ಕಳುಹಿಸುವುದಿಲ್ಲ. 'ಒಳಗೆ' ಎಂಬುದು ಸರ್ವರಿನಿಂದ ನಮ್ಮದೇ ಜಾಲದ ಬೇರೆ ಭಾಗಕ್ಕೆ ಹೋಗುವುದು. 0.0.255.255 ಎಂದರೆ ವಿಳಾಸದ ಮೊದಲೆರಡು ಅಂಕಗಳು ಹೊಂದಿದರೆ ಸಾಕು, ಉಳಿದೆರಡು ಏನಾದರೂ ಇರಬಹುದು ಎಂದರ್ಥ. 'ಹೊರಗೆ' ಎಂಬುದು ಸರ್ವರಿನಿಂದ ಎಲ್ಲಿಗಾದರೂ ಹೋಗುವುದು. ರೂಟ್-ಮ್ಯಾಪ್ ಈ ಪಟ್ಟಿಗಳನ್ನು ಕ್ರಮಸಂಖ್ಯೆಯ ಪ್ರಕಾರ ಪರಿಶೀಲಿಸುತ್ತದೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ.

ಇಲ್ಲಿ 'ಡಿನೈ' ಎಂಬ ಶಬ್ದದ ಬಗ್ಗೆ ವಿಶೇಷ ಎಚ್ಚರ ಬೇಕು. ಬೇರೆಡೆ ಈ ಶಬ್ದಕ್ಕೆ ತಡೆ ಎಂಬ ಅರ್ಥವಿದೆ. ನೀತಿಯ ಸಂದರ್ಭದಲ್ಲಿ ಹಾಗಲ್ಲ: ಈ ಪೊಟ್ಟಣಕ್ಕೆ ನೀತಿ ಅನ್ವಯಿಸದು, ವಾಡಿಕೆಯ ದಾರಿಯಲ್ಲಿ ಹೋಗಲಿ ಎಂದಷ್ಟೇ ಅರ್ಥ. ತೆರಿಗೆ ಕಾನೂನಿನಲ್ಲಿ ವಿನಾಯಿತಿ ಪಡೆದ ಸರಕು ನಿಷೇಧಿತ ಸರಕಲ್ಲವಷ್ಟೆ, ಹಾಗೆಯೇ. ಈ ಅರ್ಥಭೇದ ತಿಳಿಯದೆ, ಸರ್ವರನ್ನು ತಡೆದುಬಿಟ್ಟೀತೆಂದು ಹೆದರಿ 10ನೆಯ ನಿಯಮವನ್ನೇ ಬಿಟ್ಟುಬಿಡುವವರಿದ್ದಾರೆ. ಪರಿಣಾಮವೇನೆಂದರೆ, ಲೆಕ್ಕ ವಿಭಾಗದ ಕಂಪ್ಯೂಟರಿಗೆ ಹೋಗಬೇಕಾದ ಸರ್ವರಿನ ಉತ್ತರವೂ 20ನೆಯ ನಿಯಮಕ್ಕೆ ಸಿಕ್ಕಿ ಲೀಸ್ಡ್ ಲೈನಿನ ರೂಟರಿಗೆ ಹೋಗಿ ಬೀಳುತ್ತದೆ. ಪೋರ್ಟಲ್ ಸರಿಹೋಯಿತು, ಆದರೆ ಪಕ್ಕದ ಕೋಣೆಯಲ್ಲಿ ಲೆಕ್ಕದ ಪುಸ್ತಕವೇ ತೆರೆಯುತ್ತಿಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಕೆಲವು ಹಳೆಯ ಮಾದರಿಗಳಲ್ಲಿ ರೂಟ್-ಮ್ಯಾಪಿನ ಡಿನೈ ನಿಯಮಕ್ಕೆ ಅವಕಾಶವಿಲ್ಲ. ಆಕ್ಸೆಸ್-ಲಿಸ್ಟಿನೊಳಗೆ ಡಿನೈ ಬರೆದರೆ ಸ್ವಿಚ್ಚಿನ ಪ್ರೊಸೆಸರ್ ಮೇಲೆ ಅನಗತ್ಯ ಹೊರೆ ಬೀಳುತ್ತದೆ. ಆಯಾ ಮಾದರಿಯ ಕೈಪಿಡಿ ನೋಡಿಯೇ ಬರೆಯಬೇಕು.

ಕಡೆಯ ಎರಡು ಸಾಲುಗಳು ನೀತಿಯನ್ನು ಎಲ್ಲಿ ಅಂಟಿಸಬೇಕೆಂದು ಹೇಳುತ್ತವೆ. ಪೊಟ್ಟಣ ಸ್ವಿಚ್ಚಿನೊಳಕ್ಕೆ ಪ್ರವೇಶಿಸುವ ಬಾಗಿಲಿನಲ್ಲಿ ಅದನ್ನು ಅಂಟಿಸಬೇಕು, ಹೊರಬೀಳುವ ಬಾಗಿಲಿನಲ್ಲಿ ಅಲ್ಲ. ಲಾರಿಗೆ ದಾರಿ ಹೇಳುವುದು ಕಾರ್ಖಾನೆಯ ಗೇಟಿನಲ್ಲಿ. ಟೋಲಿಗೆ ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ. ಸಿಸ್ಕೋದ ಕ್ಯಾಟಲಿಸ್ಟ್ 3560, 3750ರಂತಹ ಹಳೆಯ ಸ್ವಿಚ್ಚುಗಳಲ್ಲಿ ಇದಕ್ಕೆ ಮೊದಲು ಎಸ್‌ಡಿಎಂ ಪ್ರಿಫರ್ ರೂಟಿಂಗ್ ಎಂಬ ಆದೇಶ ಕೊಟ್ಟು ಸ್ವಿಚ್ಚನ್ನು ಮರುಪ್ರಾರಂಭಿಸಬೇಕು. ಇಲ್ಲವಾದರೆ ನೀತಿಗೆ ಅದರ ನೆನಪಿನಲ್ಲಿ ಜಾಗವೇ ಇರುವುದಿಲ್ಲ.

ಸರ್ವರಿನ ಎಲ್ಲ ಸಂಚಾರವನ್ನೂ ಒಂದೇ ದಾರಿಗೆ ಹಾಕಿದ್ದೇಕೆ, ಪೋರ್ಟಲಿಗೆ ಬೇಕಾದ 443ನೆಯ ಪೋರ್ಟ್ ಮಾತ್ರ ಸಾಕಾಗಿತ್ತಲ್ಲವೇ ಎಂದು ತಿಳಿದವರು ಕೇಳಬಹುದು. ಹಾಗೆ ಮಾಡಿದರೆ ಹೆಸರನ್ನು ವಿಳಾಸವಾಗಿಸುವ ಡಿಎನ್ಎಸ್ ಕೋರಿಕೆ ಬ್ರಾಡ್‌ಬ್ಯಾಂಡಿನಲ್ಲಿ ಹೋಗುತ್ತದೆ. ಒಬ್ಬ ಸೇವಾದಾರರ ಡಿಎನ್ಎಸ್ ತನ್ನ ಚಂದಾದಾರರಿಗೆ ಮಾತ್ರ ಉತ್ತರಿಸುವಂತೆ ಇಟ್ಟಿದ್ದರೆ, ಲೀಸ್ಡ್ ಲೈನಿನವರ ಡಿಎನ್ಎಸ್ ನಮೂದಿಸಿಕೊಂಡ ಸರ್ವರಿಗೆ ಉತ್ತರವೇ ಸಿಗದು. ನಿಯಮ ಸರಳವಾಗಿದ್ದಷ್ಟೂ ದೋಷ ಹುಡುಕುವುದು ಸುಲಭ.

ಮರಳುವ ದಾರಿ

ಹೋದ ಪೊಟ್ಟಣಕ್ಕೆ ಉತ್ತರ ಬರಬೇಕು. 192.168 ಎಂದು ಪ್ರಾರಂಭವಾಗುವ ವಿಳಾಸಗಳು ಒಳಬಳಕೆಗೆ ಮೀಸಲಾದವು. ಹೊರಜಗತ್ತಿನಲ್ಲಿ ಅವು ಸಲ್ಲವು. ಅವುಗಳನ್ನು ಸ್ಥಿರ ಹೊರವಿಳಾಸಕ್ಕೆ ಬದಲಿಸುವ ಕೆಲಸ ಸಾಮಾನ್ಯವಾಗಿ ರೂಟರಿನದೇ ಹೊರತು ಸ್ವಿಚ್ಚಿನದಲ್ಲ. ಆದ್ದರಿಂದ ಲೀಸ್ಡ್ ಲೈನಿನ ರೂಟರಿನಲ್ಲಿ ಎರಡು ಕೆಲಸ ಆಗಿರಬೇಕು. 192.168.20ರ ವಿಳಾಸಗಳನ್ನೂ ಬದಲಿಸುವಂತೆ ಅದಕ್ಕೆ ತಿಳಿಸಬೇಕು; ಆ ವಿಳಾಸಗಳಿಗೆ ಬಂದ ಉತ್ತರವನ್ನು 192.168.101.2ಕ್ಕೆ, ಅಂದರೆ ನಮ್ಮ ಸ್ವಿಚ್ಚಿಗೆ ಕೊಡಬೇಕೆಂಬ ಮಾರ್ಗ ಬರೆದಿರಬೇಕು. ಈ ರೂಟರ್ ಸೇವಾದಾರರ ಹಿಡಿತದಲ್ಲಿದ್ದರೆ ಅವರಿಗೆ ಲಿಖಿತ ಕೋರಿಕೆ ಕಳುಹಿಸಬೇಕಾಗುತ್ತದೆ, ಅದಕ್ಕೆ ದಿನಗಳೇ ಹಿಡಿಯಬಹುದು. ಸ್ವಿಚ್ಚಿನ ಕೆಲಸಕ್ಕೆ ದಿನ ಗೊತ್ತುಮಾಡುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಲೇಸು.

ಸರ್ವರಿಗೇ ನೇರವಾಗಿ ಒಬ್ಬ ಸೇವಾದಾರರ ಹೊರವಿಳಾಸವನ್ನು ಕೊಟ್ಟಿರುವ ಘಟಕಗಳೂ ಉಂಟು. ಅಲ್ಲಿ ಪೊಟ್ಟಣ ತಪ್ಪಿ ಮತ್ತೊಬ್ಬರ ತಂತಿಯಲ್ಲಿ ಹೋದರೆ, ತಮ್ಮದಲ್ಲದ ವಿಳಾಸ ಹೊತ್ತ ಪೊಟ್ಟಣವೆಂದು ಆ ಸೇವಾದಾರರು ಅದನ್ನು ಬಿಸಾಡಬಹುದು. ವಿಳಾಸ ವಂಚನೆ ತಡೆಯಲು ಹಾಗೆ ಮಾಡಬೇಕೆಂದು 2000ನೇ ಇಸವಿಯ ಮೇ ತಿಂಗಳಿನ ಆರ್‌ಎಫ್‌ಸಿ 2827ರಲ್ಲಿ ಶಿಫಾರಸು ಮಾಡಲಾಗಿದೆ. ದೋಷದ ಸಂದೇಶವೂ ಬರುವುದಿಲ್ಲ, ಮೌನ ಮಾತ್ರ.

ಲೀಸ್ಡ್ ಲೈನ್ ಕಡಿದಾಗ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಈ ಸಂದರ್ಭವನ್ನು. ಸ್ವಿಚ್ಚಿಗೂ ರೂಟರಿಗೂ ನಡುವಿನ ಕೇಬಲ್ಲೇ ಕಳಚಿದರೆ ಸ್ವಿಚ್ಚಿಗೆ ತಿಳಿಯುತ್ತದೆ. ನೀತಿಯನ್ನು ಬದಿಗಿಟ್ಟು ವಾಡಿಕೆಯ ದಾರಿಯಲ್ಲಿ ಕಳುಹಿಸುತ್ತದೆ. ಆದರೆ ತಂತಿ ಕಡಿಯುವುದು ರಸ್ತೆಯಲ್ಲಿ, ರೂಟರಿನ ಆಚೆ. ರೂಟರ್ ಜೀವಂತವಾಗಿದೆ, ದೀಪ ಉರಿಯುತ್ತಿದೆ. ಸ್ವಿಚ್ ಪೊಟ್ಟಣಗಳನ್ನು ಅದಕ್ಕೇ ಕೊಡುತ್ತಿರುತ್ತದೆ, ಅವು ಅಲ್ಲೇ ಮುಳುಗುತ್ತಿರುತ್ತವೆ. ಇದನ್ನು ತಪ್ಪಿಸಲು ರೂಟರಿನಾಚೆಯ ಒಂದು ವಿಳಾಸಕ್ಕೆ ನಿಯತವಾಗಿ ಪಿಂಗ್ ಮಾಡಿ, ಉತ್ತರ ನಿಂತಾಗ ನೀತಿಯನ್ನು ಸ್ಥಗಿತಗೊಳಿಸುವ ವ್ಯವಸ್ಥೆ ಹಲವು ಸ್ವಿಚ್ಚುಗಳಲ್ಲಿದೆ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಸ್ವಿಚ್ ತಾನೇ ಹುಟ್ಟಿಸಿದ ಪೊಟ್ಟಣಕ್ಕೆ ಈ ನೀತಿ ಅನ್ವಯಿಸುವುದಿಲ್ಲ. ಆದಕಾರಣ ಆ ಪಿಂಗ್ ಬ್ರಾಡ್‌ಬ್ಯಾಂಡಿನಲ್ಲಿ ಸುಖವಾಗಿ ಹೋಗಿ ಬಂದು, ಲೀಸ್ಡ್ ಲೈನ್ ಸತ್ತಿದ್ದರೂ ಕುಶಲವೆಂದೇ ವರದಿ ಮಾಡುತ್ತಿರುತ್ತದೆ. ಪರೀಕ್ಷಾ ವಿಳಾಸಕ್ಕೆ 192.168.101.1ರ ಮೂಲಕ ಪ್ರತ್ಯೇಕ ಸ್ಥಿರ ಮಾರ್ಗ ಬರೆಯಬೇಕು.

ಇಷ್ಟಾದ ಮೇಲೆ ಮಾಲೀಕರು ನಿರ್ಧರಿಸಬೇಕಾದ ಪ್ರಶ್ನೆ: ಸರ್ವರ್ ಬ್ರಾಡ್‌ಬ್ಯಾಂಡಿಗೆ ತಿರುಗಿದರೂ ಅಲ್ಲಿನ ವಿಳಾಸ ನೋಂದಣಿಯಾಗಿಲ್ಲವಲ್ಲ? ಎಪಿಐ ಅದನ್ನು ತಿರಸ್ಕರಿಸುತ್ತದೆ. ಎರಡನೆಯ ಸಂಪರ್ಕಕ್ಕೂ ಸ್ಥಿರ ವಿಳಾಸ ಪಡೆದು ಅದನ್ನೂ ನೋಂದಾಯಿಸುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಬಿಲ್ಲಿಂಗ್ ವಿಭಾಗದವರು ಯಾವುದಾದರೂ ಸಂಪರ್ಕದಿಂದ ಪೋರ್ಟಲಿಗೆ ಬ್ರೌಸರಿನಲ್ಲಿ ಪ್ರವೇಶಿಸಿ ಆ ಹೊತ್ತಿನ ಬಿಲ್ಲುಗಳನ್ನು ಮಾಡುವ ಅಭ್ಯಾಸ ಇಟ್ಟುಕೊಂಡಿರಬೇಕು. 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರ ಪ್ರವೇಶಕ್ಕೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಒಟಿಪಿ ಬರುವ ಮೊಬೈಲ್ ಮಾಲೀಕರ ಜೇಬಿನಲ್ಲಿ ತಿರುಪತಿಗೆ ಹೋಗಿದ್ದರೆ ಸ್ವಿಚ್ ಎಷ್ಟು ಚೆನ್ನಾಗಿದ್ದರೂ ಲಾರಿ ಗೇಟಿನಲ್ಲೇ. ಬಿಲ್ಲಿಂಗ್ ಸಿಬ್ಬಂದಿಗೆ ಅವರದೇ ಮೊಬೈಲ್ ಸಂಖ್ಯೆಯೊಡನೆ ಉಪಬಳಕೆದಾರರ ಖಾತೆ ತೆರೆದುಕೊಡಬೇಕು.

ಪರೀಕ್ಷೆ, ಉಳಿಸುವಿಕೆ, ದಾಖಲೆ

ಕೆಲಸಕ್ಕೆ ರವಾನೆ ಮುಗಿದ ಶನಿವಾರದ ಸಂಜೆ ಯೋಗ್ಯ. ತಿಂಗಳ 11 ಮತ್ತು 20ನೆಯ ತಾರೀಖಿನ ಆಸುಪಾಸಿನಲ್ಲಿ ಯಾರೂ ಸ್ವಿಚ್ ಮುಟ್ಟಕೂಡದು; ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುವವರ ಶಾಪಕ್ಕೆ ಗುರಿಯಾಗಬೇಕಾದೀತು. ಪ್ರಾರಂಭಿಸುವ ಮೊದಲು ಹತ್ತು ನಿಮಿಷಗಳ ನಂತರ ಸ್ವಿಚ್ ತಾನಾಗಿಯೇ ಮರುಪ್ರಾರಂಭವಾಗುವಂತೆ ಆದೇಶ ಕೊಟ್ಟಿಡುವುದು ಅನುಭವಿಗಳ ಪದ್ಧತಿ. ತಪ್ಪು ಆದೇಶದಿಂದ ತಂತ್ರಜ್ಞರೇ ಹೊರಗುಳಿದರೂ ಸ್ವಿಚ್ ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ ಆ ಆದೇಶವನ್ನು ರದ್ದುಪಡಿಸಲು ಮರೆಯಬಾರದು.

ಹಣ ಕೊಡುವ ಮೊದಲು ಮಾಲೀಕರು ಮೂರು ಸಂಗತಿಗಳನ್ನು ತಮ್ಮ ಎದುರಿನಲ್ಲೇ ಮಾಡಿಸಿ ನೋಡಬೇಕು. ಸರ್ವರಿನಿಂದ ಹೊರವಿಳಾಸ ತೋರಿಸುವ ಪುಟ ತೆರೆದರೆ ನೋಂದಾಯಿತ ವಿಳಾಸವೂ, ಕಚೇರಿಯ ಕಂಪ್ಯೂಟರಿನಿಂದ ತೆರೆದರೆ ಬೇರೆ ವಿಳಾಸವೂ ಕಾಣಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಎಂದಿನಂತೆ ತೆರೆಯಬೇಕು. ಲೀಸ್ಡ್ ಲೈನಿನ ಹೊರತಂತಿಯನ್ನು, ಅಂದರೆ ರೂಟರಿನಾಚೆಯದನ್ನು, ಕಿತ್ತು ಏನಾಗುತ್ತದೆಂದು ನೋಡಬೇಕು. ಈ ಕಡೆಯ ಪರೀಕ್ಷೆಯನ್ನು ತಪ್ಪಿಸಲು ತಂತ್ರಜ್ಞರು ಹಲವು ಕಾರಣ ಕೊಡುತ್ತಾರೆ, ಒಪ್ಪಬೇಡಿರಿ. ನೀತಿಗೆ ಸಿಕ್ಕ ಪೊಟ್ಟಣಗಳ ಎಣಿಕೆಯನ್ನು ಸ್ವಿಚ್ ತೋರಿಸುತ್ತದೆಯಾದರೂ ಕೆಲವು ಮಾದರಿಗಳಲ್ಲಿ ಅದು ಪ್ರೊಸೆಸರ್ ಮೂಲಕ ಹೋದವನ್ನು ಮಾತ್ರ ಎಣಿಸುತ್ತದೆ. ಅಲ್ಲಿ ಸೊನ್ನೆ ಕಂಡರೆ ಗಾಬರಿಯಾಗಬೇಕಿಲ್ಲ.

ಬರೆದ ಆದೇಶಗಳು ಮೊದಲು ಚಾಲ್ತಿ ನೆನಪಿನಲ್ಲಿ ಮಾತ್ರ ಇರುತ್ತವೆ, ಕಚ್ಚಾ ಚಿಟ್ಟಾ ಇದ್ದಂತೆ. ಉಳಿಸುವ ಆದೇಶ ಕೊಟ್ಟಾಗಲೇ ಅವು ಖಾತೆಗೆ ಏರುವುದು. ಕರೆಂಟು ಹೋಗಿ ಬಂದ ಮರುದಿನ ನೀತಿ ಮಾಯವಾದರೆ ಉಳಿಸಲು ಮರೆತದ್ದೇ ಕಾರಣವೆಂದು ತಿಳಿಯಬೇಕು. ಸಂಪೂರ್ಣ ಆದೇಶಪಟ್ಟಿಯ ಮುದ್ರಿತ ಪ್ರತಿ, ಬದಲಾವಣೆಯ ದಿನಾಂಕ, ಮಾಡಿದವರ ಸಹಿ, ಗುಪ್ತಪದವಿರುವ ಮೊಹರು ಹಾಕಿದ ಲಕೋಟೆ ಇವು ಮಾಲೀಕರ ಬೀರುವಿನಲ್ಲಿರಬೇಕು. ವೋಚರಿಲ್ಲದ ಖರ್ಚನ್ನು ಒಪ್ಪದವರು ದಾಖಲೆಯಿಲ್ಲದ ಬದಲಾವಣೆಯನ್ನು ಏಕೆ ಒಪ್ಪಬೇಕು? ಸ್ವಿಚ್ಚಿನ ಗುಪ್ತಪದ ಕೆಲಸ ಬಿಟ್ಟುಹೋದ ತಂತ್ರಜ್ಞರ ಬಳಿ ಮಾತ್ರ ಇರುವ ಘಟಕಗಳು ಇಂದಿಗೂ ಇವೆ.

ಲೆಕ್ಕಪತ್ರದಲ್ಲಿ

ಸ್ವಿಚ್, ರೂಟರ್, ಅಳವಡಿಕೆಯ ಶುಲ್ಕ ಮತ್ತು ಮೇಲ್ದರ್ಜೆ ಪರವಾನಗಿ ಬಂಡವಾಳ ವೆಚ್ಚ. ವಾರ್ಷಿಕ ನಿರ್ವಹಣೆ, ಸ್ಥಿರ ವಿಳಾಸದ ಶುಲ್ಕ ಹಾಗೂ ಲೀಸ್ಡ್ ಲೈನಿನ ಬಾಡಿಗೆ ಕಂದಾಯ ವೆಚ್ಚ. ಕಂಪ್ಯೂಟರಿನ ಜೊತೆಗೆ ಬಳಸುವ ರೂಟರ್ ಮತ್ತು ಸ್ವಿಚ್ಚುಗಳನ್ನು ಸವಕಳಿಯ ದೃಷ್ಟಿಯಿಂದ ಕಂಪ್ಯೂಟರ್ ಎಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ತೀರ್ಮಾನಿಸಿತು. ಆಗ ದರ ಶೇಕಡ 60 ಇತ್ತು. 2017-18ನೇ ಹಣಕಾಸು ವರ್ಷದಿಂದ ಶೇಕಡ 40ಕ್ಕೆ ಇಳಿಯಿತು. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಇವು 1961ರ ಕಾಯ್ದೆಯ ಮಾತು; 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಡಿಯ ವರ್ಷಗಳಿಗೆ ಆ ಕಾಯ್ದೆಯ ನಿಯಮಗಳನ್ನೇ ನೋಡಿಕೊಳ್ಳಬೇಕು.

ಖರೀದಿಯ ಮೇಲೆ ತೆತ್ತ ಜಿಎಸ್‌ಟಿಯನ್ನು ಹೂಡುವಳಿ ಜಮೆಯಾಗಿ ಪಡೆದಿದ್ದರೆ ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಕಲಂ 16ರ ಉಪಕಲಂ 3 ಇದನ್ನು ಸ್ಪಷ್ಟಪಡಿಸುತ್ತದೆ. ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಮಾಲೀಕರ ಸ್ವಂತ ಹೆಸರಿನಲ್ಲಿ, ಮನೆಯ ವಿಳಾಸಕ್ಕೆ ಪಡೆದಿರುವವರ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರುವುದಿಲ್ಲ, ಆದ್ದರಿಂದ ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸದು, ಜಮೆಯೂ ದೊರೆಯದು. ಸ್ಥಿರ ವಿಳಾಸಕ್ಕೆ ಅರ್ಜಿ ಕೊಡುವಾಗಲೇ ಸಂಪರ್ಕವನ್ನು ಸಂಸ್ಥೆಯ ಹೆಸರಿಗೆ, ಕಾರ್ಖಾನೆಯ ವಿಳಾಸಕ್ಕೆ ವರ್ಗಾಯಿಸಿ, ನೋಂದಣಿ ಸಂಖ್ಯೆಯನ್ನು ಸೇವಾದಾರರಲ್ಲಿ ನಮೂದಿಸಿಕೊಳ್ಳತಕ್ಕದ್ದು.